ಹ ಸವೆದ ಮಷೀನು

ನನ್ನ ಟೈಪ್ ಮಷೀನಿನಲ್ಲಿ ಮೊದಲು ಸವೆದದ್ದು ಹ.
ಹೊಲ, ಹದ್ದುಬಸ್ತು, ಹಕ್ಕುಪತ್ರ, ಹೆಂಡತಿಯ ಹೆಸರಿಗೆ ಹಸ್ತಾಂತರ,
ಇಪ್ಪತ್ತಾರು ವರ್ಷ, ದುರ್ಗದ ಡಿಸಿ ಆಫೀಸಿನೆದುರು
ಅಹವಾಲೆಲ್ಲ ಹಕಾರದ ಮೇಲೇ ಕುಟ್ಟಿಸಿಕೊಂಡಿದ್ದು.
ಈಗ ಒತ್ತಿದರೆ ಕಾಗದದ ಮೇಲೆ
ಒಂದು ತರಚು ಮಾತ್ರ.

ಅದಕ್ಕೇ ಹೇಳಿದೆ ಆ ಹುಡುಗನಿಗೆ:
ಪಾಲಯ್ಯ, ಕಂಪ್ಯೂಟರಿನವನ ಹತ್ತಿರ ಹೋಗು,
ನಿನ್ನ ಅರ್ಜಿಯಲ್ಲಿ ಸಾಲಿಗೆರಡು ಹಂದಿ.
ಕೇಳಲಿಲ್ಲ. ಕೂತ.
ವಾಸನೆ ಇನ್ನೂ ಹೋಗಿಲ್ಲವೆಂದು
ಎರಡೂ ಅಂಗೈ ತೊಡೆಯ ಕೆಳಗಿಟ್ಟುಕೊಂಡೇ ಹೇಳಿದ.

ಶೆಡ್ಡು ನಾಲ್ಕು. ತಾಯಿಹಂದಿ ಸಾವಿರದಿನ್ನೂರು.
ಒಂದೊಂದಕ್ಕೂ ಕಬ್ಬಿಣದ ಗೂಡು, ಅಗಲ ಎರಡಡಿ, ಉದ್ದ ಏಳು.
ಎದ್ದು ನಿಲ್ಲಬಹುದು. ಮಲಗಬಹುದು.
ತಿರುಗುವ ಹಾಗಿಲ್ಲ.
"ತಮ್ಮ ಬಾಲನ ತಾವೇ ನೋಡ್ಕಂಡಿರಲ್ಲ ಸಾರ್ ಅವು."
ಕಾಯಿಲೆ ಇರಲಿ ಬಿಡಲಿ, ದಿನಾ ಮೇವಿಗೆ ಬೆರೆಸುವ ಪುಡಿ.
ಶೆಡ್ಡಿನ ಹಿಂದೆ ಗುಂಡಿ, ಗುಂಡಿಯಲ್ಲಿ ಕರಿನೀರು,
ಇಳಿಜಾರಿನ ಬೋರ್‌ವೆಲ್ಲಿನಲ್ಲೂ ಅದೇ ಬಣ್ಣ.

ಊರವರು ತಂದಿದ್ದ ಮೊದಲ ಕರಡು ಬೇರೆಯಿತ್ತು:
ಹೊಲಸು ಪ್ರಾಣಿ, ಊರ ಮರ್ಯಾದೆ, ಕೂಡಲೇ ತೊಲಗಿಸಿ.
ದುಡ್ಡು ಕೊಟ್ಟಿದ್ದರು, ಕುಟ್ಟುತ್ತಿದ್ದೆ.
ಬೇವಿನ ಕಟ್ಟೆಯ ಆ ತುದಿಯಲ್ಲಿ ಎಲೆಗೆ ಸುಣ್ಣ ಸವರುತ್ತಿದ್ದ
ಜೋಗೇರ ದುರುಗವ್ವ
"ಇನ್ನೊಂದಪ ಓದಪ್ಪ" ಅಂದಳು. ಓದಿದೆ.
"ಹೊಲಸು ಅನ್ನೋದ ತೆಗಿ.
ಮೂರು ತಲೆಮಾರು ಹಂದಿ ಮೇಯ್ಸಿದೋರು ನಾವು.
ಅದನ್ನ ಅಂದ್ರೆ ನನ್ನ ಅಂದಂಗೆ.
ನಾಳೆ ಕಂಪ್ನಿ ಬಿಟ್ಟು ನನ್ನ ಗುಡ್ಲಿಗೆ ಬರ್ತಾರೆ.
ಈಯೋಕಿಂತ ಮುಂಚೆ ನಮ್ಮ ಕರಿಯವ್ವ ಏನ್ಮಾಡ್ತಾಳೆ ಗೊತ್ತಾ?
ಹುಲ್ಲು, ಸೆಪ್ಪೆ, ಹರಕು ಸೀರೆ, ಬಾಯಾಗೆ ಕಚ್ಕಂಡು ಬಂದು
ಹಾಸಿಗೆ ಮಾಡಿ, ಸುತ್ತಿ ಸುತ್ತಿ ಮಲಗ್ತಾಳೆ."

ಪಾಲಯ್ಯ ತಲೆ ಎತ್ತಲಿಲ್ಲ.
"ಅಲ್ಲೂ ಮಾಡ್ತವೆ. ಹುಲ್ಲಿಲ್ಲ.
ಬರೀ ಸಿಮೆಂಟ ಕೆರೀತವೆ, ಮೂತೀಲಿ ರಕ್ತ ಬರೋತನಕ."

ಹಾಳೆ ಎಳೆದು ಹರಿದೆ. ಹೊಸದು ಏರಿಸಿದೆ.
ತಿರುಗುವಷ್ಟು ಜಾಗ. ಕಾಯಿಲೆ ಬಂದರೆ ಮಾತ್ರ ಔಷಧಿ.
ಗುಂಡಿಗೂ ಕುಡಿಯುವ ನೀರಿಗೂ ನಡುವೆ ಇಷ್ಟು ದೂರ.
ಕೊನೆಗೆ ದುರುಗವ್ವ ಹೇಳಿ ಬರೆಸಿದ್ದು:
ಹತ್ತು ಇಪ್ಪತ್ತು ಸಾಕುವವರ ಮೇಲೆ ಈ ಕಾನೂನು ಬೀಳಬಾರದು,
ಸಬ್ಸಿಡಿ ಅಂತಿದ್ದರೆ ಅದು ಅವರ ಕೈಗೆ.
ಮೂಡದ ಹ-ಗಳನ್ನು ಪೆನ್ನಿನಲ್ಲಿ ತುಂಬುತ್ತ ಹೋದೆ.
ಕತ್ತಲಾಗುತ್ತಿತ್ತು. ಎರಡನೇ ಪುಟದಲ್ಲಿ ಒಂದು ಕಡೆ
ಕೈ ಮ ಬರೆದುಬಿಟ್ಟಿತ್ತು:
ಸಾವಿರದಿನ್ನೂರು ಮಂದಿ, ತಿರುಗಲು ಜಾಗವಿಲ್ಲದೆ.
ತಿದ್ದಬೇಕಿತ್ತು.

ಸೋಮವಾರ ಸಾಹೇಬರು ಓದಿದರು. ಎರಡನೇ ಪುಟದಲ್ಲಿ ನಿಂತು
ಕನ್ನಡಕ ಒರೆಸಿಕೊಂಡು ಮುಂದೆ ಹೋದರು.
"ಕಾಯ್ದೆಯಲ್ಲಿ ಸಾಕಷ್ಟು ಜಾಗ ಅಂತಿದೆ.
ಸಾಕಷ್ಟು ಅಂದರೆ ಎಷ್ಟಡಿ? ಅದನ್ನ ಮೇಲಿನವರು ಬರೆಯಬೇಕು."
"ಸಾಕಿದೋರ ಕೇಳಿ," ಅಂದಳು ದುರುಗವ್ವ.
ನಗು. ಸೀಲು. ಒಂದು ನಂಬರು.

ಆಮೇಲೆ ಹನ್ನೊಂದು ಸೋಮವಾರ.
ಪಡಸಾಲೆಯಲ್ಲಿ ಸುಣ್ಣದ ಪುಡಿಯಿಂದ ಗೆರೆ ಎಳೆದು,
ಎರಡಡಿ, ಏಳಡಿ, ಒಳಗೆ ನಿಲ್ಲುತ್ತಿದ್ದ ಪಾಲಯ್ಯ,
ಗೋಡೆಗೆ ಮುಖ ಮಾಡಿ, ಸಂಜೆ ಐದರವರೆಗೆ.
ಹೆಸರು ಕೂಗಿದರೂ ತಿರುಗುತ್ತಿರಲಿಲ್ಲ.
ನರ್ಸು ಶಕೀಲಾ ರಜೆ ಹಾಕಿ ಬಂದು ನಿಂತಳು,
ಮಾತ್ರೆ ನಾಟದ ಹುಣ್ಣುಗಳ ಪಟ್ಟಿ ಹಿಡಿದು.
ಒಂದು ದಿನ ನಾನೂ. ಹಿಂದೆ ಯಾರೋ ಕೆಮ್ಮಿದರು,
ಕತ್ತು ತಾನಾಗಿ ಹೊರಳಿತು. ಇಪ್ಪತ್ತು ನಿಮಿಷ.

ನಿಯಮ ಇನ್ನೂ ಬಂದಿಲ್ಲ.
ಬಂದದ್ದು ಒಂದು ಪತ್ರ: ಪರಿಶೀಲನೆಯಲ್ಲಿದೆ.
ಸುಣ್ಣವನ್ನು ಗುಡಿಸಿ ಒರೆಸಿಯೂ ಆಯಿತು.
ಆದರೂ ಅಟೆಂಡರ್ ಓಬಳೇಶ
ಗದ್ದದ ತನಕ ಫೈಲು ಹೊತ್ತು ಬರುವಾಗ
ಆ ಜಾಗಕ್ಕೆ ಬಂದರೆ ಪಕ್ಕಕ್ಕೆ ಸರಿದು ನಡೆಯುತ್ತಾನೆ,
ಒಳಗೆ ಯಾರೋ ಮಲಗಿದ್ದಾರೆ ಎನ್ನುವ ಹಾಗೆ.