ಮಾನಪತ್ರದ ಕರಡು

ಬಂದರಿನ ಅಡ್ಡರಸ್ತೆ, ಒಣಮೀನಿನ ಗೋದಾಮಿನ ಮಾಳಿಗೆ,
ಅಲ್ಲಿ ನಮ್ಮ ಪ್ರೆಸ್ಸು.
ಇಪ್ಪತ್ತಾರು ವರ್ಷದಿಂದ ಊರಿನ ಮರ್ಯಾದೆಯೆಲ್ಲ
ನನ್ನ ಕೈಯಿಂದಲೇ ಅಚ್ಚಾಗಿ ಹೋಗುತ್ತದೆ:
ಕೊಡುಗೈ ದಾನಿ, ಅಜಾತಶತ್ರು, ಸರಳ ಸಜ್ಜನ,
ಎಲೆಮರೆಯ ಕಾಯಿ.
ಈ ಕಾಯಿ ಎಷ್ಟು ಎಲೆಗಳ ಮರೆಯಲ್ಲಿ ಎಷ್ಟು ಸಲ ಹಣ್ಣಾಯಿತೋ
ಕಂಪ್ಯೂಟರಿಗೇ ಗೊತ್ತು.
ಹೆಸರು ಬದಲಿಸಿದರೆ ಸಾಕು, ಅಂಚಿನ ಬಳ್ಳಿ ಅದೇ,
ಕೆಳಗೆ ಅಧ್ಯಕ್ಷರ ರುಜು, ಕಾರ್ಯದರ್ಶಿಯ ರುಜು.

ಈ ಸಲ ಬಂದ ಚೀಟಿಯಲ್ಲಿ ಇಷ್ಟೇ ಇತ್ತು:
'ಕುಸುಮ ತಿಂಗಳಾಯ, ಬೆಂಗ್ರೆ. ಇರುಳ ದೋಣಿ.
ಇನ್ನೂರು ಶಬ್ದ. ಶುಕ್ರವಾರ ಬೇಕು.'

ಇರುಳ ದೋಣಿಗೆ ನನ್ನಲ್ಲಿ ವಿಶೇಷಣ ಇರಲಿಲ್ಲ.

ಫೋನು ಮಾಡಿದೆ.
ಅತ್ತ ಕಡೆ ಮೀನಿನ ತಕ್ಕಡಿಯ ಸದ್ದು, ಯಾರದೋ ಚೌಕಾಸಿ.
'ಅದೆಂತ ದೊಡ್ಡ ಸಂಗತಿ ಅಲ್ಲ ಮಾರಾಯ್ರೆ,
ಕಡೆಯ ದೋಣಿ ಹೋದ ಮೇಲೆ
ಈಚೆಗೆ ನಾವು, ಆಚೆಗೆ ಆಸ್ಪತ್ರೆ. ನಡುವೆ ಹೊಳೆ.
ಸುತ್ತಿ ಬರುವ ರಸ್ತೆಗೆ ಮುಕ್ಕಾಲು ಗಂಟೆ.
ಹೊಟ್ಟೆಯಲ್ಲಿರುವ ಮಗು ಗಡಿಯಾರ ನೋಡಿ ಬರುತ್ತದಾ?'

ಯಾರ್ಯಾರು ಇದ್ದೀರಿ ಎಂದೆ.
ದೋಣಿ ಇದ್ದಿನಬ್ಬನದು, ಹಳತು; ಇಂಜಿನು ಚಂದಾ ಎತ್ತಿದ್ದು.
ಡೀಸೆಲಿಗೆ ಮೀನು ಮಾರುವ ಹೆಂಗಸರು, ದಿನಕ್ಕೆ ಬುಟ್ಟಿಗೆ ಎರಡು ರೂಪಾಯಿ.
ಆಚೆ ದಕ್ಕೆಯಲ್ಲಿ ರಿಕ್ಷಾ ತಿರುಗಿಸಿ ನಿಲ್ಲಿಸುವವ ವಲೇರಿಯನ್,
ಬಾಡಿಗೆ ಎಷ್ಟೆಂದು ಕೇಳಿದರೆ ಬೈಯುತ್ತಾನೆ, ಕೇಳದಿದ್ದರೂ ಬೈಯುತ್ತಾನೆ.
ಫ್ಲೋಸಿಬಾಯಿ, ನಿವೃತ್ತಿಯಾದ ನರ್ಸು; ನಿದ್ದೆ ಕಡಿಮೆ,
ಅದೇ ನಮ್ಮ ಪುಣ್ಯ.

ಎಷ್ಟು ಜನರಿಗೆ ಉಪಕಾರವಾಗಿರಬಹುದು?
ಪತ್ರಕ್ಕೆ ಒಂದು ಅಂಕಿ ಬೇಕಿತ್ತು.

ತಕ್ಕಡಿ ನಿಂತಿತು.
'ದಾಟಿಸಿದವರ ಲೆಕ್ಕ ಇಡಲಿಲ್ಲ.
ಒಬ್ಬ ಹುಡುಗ, ಹಾವು ಕಡಿದದ್ದು,
ಇಳಿತದ ಹೊತ್ತು, ಅಳಿವೆ ಹತ್ತಿರ ದೋಣಿ ಮರಳಿಗೆ ಕೂತಿತು.
ಸೊಂಟದ ನೀರಿಗೆ ಇಳಿದು ನೂಕಿದೆವು. ನೂಕಿದೆವು.
ಆ ಒಂದು ಲೆಕ್ಕ ಉಂಟು. ಅದನ್ನು ಬರೆಯುತ್ತೀರಾ?'

ಬರೆಯಲಿಲ್ಲ.
ಇನ್ನೂರು ಶಬ್ದದಲ್ಲಿ ಜಾಗವಿಲ್ಲ ಎಂದು ನನಗೇ ಹೇಳಿಕೊಂಡೆ.
'ಅಸಂಖ್ಯ' ಎಂದು ಹಾಕಿದೆ; ಆ ಶಬ್ದ ಯಾರನ್ನೂ ನೋಯಿಸುವುದಿಲ್ಲ.

ಫೋನು ಇಡುವ ಮೊದಲು ಆಕೆ ಹೇಳಿದ್ದು:
'ನನ್ನ ಪಟ ಸಣ್ಣದು ಮಾಡಿ, ದೋಣಿಯ ನಂಬರು ದೊಡ್ಡದು.'
ಸಮಿತಿ ಪಟ ದೊಡ್ಡದು ಮಾಡಿತು.
ನಂಬರಿಗೆ ಜಾಗ ಸಿಗಲಿಲ್ಲ.

ಪುರಭವನದಲ್ಲಿ ಸನ್ಮಾನ. ಶಾಲು, ಪೇಟ, ಹಣ್ಣಿನ ತಟ್ಟೆ,
ಸೇಬಿನ ಮೇಲಿನ ಸ್ಟಿಕ್ಕರು ಸಹಿತ.
ನಾಲ್ಕು ಭಾಷಣಗಳ ಕೆಳಗೆ ಆಕೆ ಕೂತಿದ್ದರು
ಕಡವಿನಲ್ಲಿ ಕಾದು ಅಭ್ಯಾಸ ಇರುವವರ ಹಾಗೆ.
ನನ್ನ ಶಬ್ದಗಳನ್ನು ನಿರೂಪಕ ರಾಗವಾಗಿ ಓದಿದ.
'ಎಲೆಮರೆಯ ಕಾಯಿ' ಬಂದಾಗ ಮಾತ್ರ
ಆಕೆ ಇದ್ದಿನಬ್ಬನ ಕಡೆ ತಿರುಗಿ ನಕ್ಕರು.

ಎರಡು ವಾರ ಕಳೆದು, ನೆಪವೊಂದೂ ಸಿಗದೆ,
ಸುಮ್ಮನೆ ಟಿಕೆಟು ತೆಗೆದು ಹೊಳೆ ದಾಟಿದೆ.
ಕಡವಿನಲ್ಲಿ ತಗಡಿನ ಮಾಡು, ಡೀಸೆಲಿನ ಕ್ಯಾನು,
ಮೊಳೆಗೆ ಲೈಫ್ ಜಾಕೆಟು,
ಪಕ್ಕದಲ್ಲಿ ನಮ್ಮ ಮಾನಪತ್ರದ ಚೌಕಟ್ಟು.
ಗಾಜು ತೆಗೆದಿದ್ದರು. ಕಾಗದ ಮಗುಚಿತ್ತು.
ಬಿಳಿ ಬೆನ್ನಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ವಾರದ ಪಾಳಿ,
ಮೇಲೆ ಗೇಣುದ್ದದ ಫೋನ್ ನಂಬರು.
ನನ್ನ ವಿಶೇಷಣಗಳೆಲ್ಲ ಗೋಡೆಗೆ ಮುಖ ಮಾಡಿ ನಿಂತಿದ್ದವು,
ಮೇಷ್ಟ್ರ ಕೈಗೆ ಸಿಕ್ಕಿಬಿದ್ದ ಮಕ್ಕಳ ಹಾಗೆ.

ಹಳೆಯ ಚಾಳಿ. ಕಣ್ಣು ಮೊದಲು ತಪ್ಪನ್ನೇ ಹುಡುಕಿತು:
'ಗುರವಾರ' ಎಂದಿತ್ತು.
ಜೇಬಿನ ಪೆನ್ನು ತೆಗೆದು ರಕಾರಕ್ಕೆ ಒಂದು ಕೊಂಬು ಕೊಟ್ಟೆ.
ಅದರ ಎದುರು ಹೆಸರಿರಲಿಲ್ಲ.

'ನನಗೆ ಈಜು ಬರುವುದಿಲ್ಲ' ಎಂದೆ, ಯಾರೂ ಕೇಳದಿದ್ದರೂ.
ಬಲೆ ಹೆಣೆಯುತ್ತಿದ್ದ ಇದ್ದಿನಬ್ಬ ತಲೆ ಎತ್ತಲಿಲ್ಲ:
'ಟಾರ್ಚು ಹಿಡಿಯಲಿಕ್ಕೆ ಬರುತ್ತದಲ್ಲ?'

ಪೆನ್ನಿನ ಮುಚ್ಚಳ ಇನ್ನೂ ಹಲ್ಲಿನಲ್ಲೇ ಇತ್ತು.