ನಾನು ಎನ್ನುವ ಕೆಲಸ

ದುಭಾಷಿಗೆ ಮೊದಲ ನಿಯಮ:
ಅವರು ನಾನು ಎಂದರೆ ನೀನೂ ನಾನು ಎನ್ನು.
'ಅವರು ಹೇಳ್ತಿದಾರೆ' ಎನ್ನಕೂಡದು.

ಹಾಗಾಗಿ ಲೆಸ್ಟರಿನ ಆಸ್ಪತ್ರೆಯಲ್ಲಿ, ಮಂಗಳವಾರ,
ನೀಲಿ ಪರದೆಗೆ ಬೆನ್ನು ಕೊಟ್ಟು ಕೂತು
ಎರಡು ಹೆತ್ತ ನಾನು
ಇಂಗ್ಲಿಷಿನಲ್ಲಿ ಹೇಳಿದೆ:
ಡಾಕ್ಟರೇ, ನನ್ನ ಬಲಗಡೆಯ ಬೀಜ ಬಾತಿದೆ.

ಅಲ್ಲಿಗೆ ತಲುಪಲು ಕಾಲು ಗಂಟೆ ಬೇಕಾಯಿತು.
ಬಚ್ಚ ದೇವಾಡಿಗರು ಮೊದಲು ಹೊಟ್ಟೆ ಅಂದರು,
ಆಮೇಲೆ ಹೊಟ್ಟೆಯ ಕೆಳಗೆ, ಆಮೇಲೆ ತೊಡೆ.
ಕೇರಿಯೆಲ್ಲ ಸುತ್ತಿದರು, ಆ ಒಂದು ಮನೆ ಬಿಟ್ಟು.
ನನ್ನ ಪಟ್ಟಿಯಲ್ಲಿ ವೃಷಣ ಎಂದಿತ್ತು. ಅಂದೆ.
ಯಾವುದೋ ಋಷಿಯ ಹೆಸರು ಕೇಳಿದಂತೆ
ಭಕ್ತಿಯಿಂದ ಸುಮ್ಮನಾದರು.
ಕೊನೆಗೆ, ಹೋರಿಗಳ ವಿಷಯಕ್ಕೆ ಮಾತ್ರ
ನಮ್ಮಜ್ಜಿ ಆಡುತ್ತಿದ್ದ ಮಾತು ಬಾಯಿಗೆ ಬಂತು:
ತರಡು?
ಪರದೆಯಾಚೆ ಒಂದು ನಗು ಕೆಮ್ಮಾಯಿತು.
'ಹ್ಞಾಂ ಅಕ್ಕ. ಅದೇ.'

ಎಷ್ಟು ದಿನದಿಂದ?
ಎರಡು ವರ್ಷ. ಬೆಲ್‌ಗ್ರೇವ್ ರಸ್ತೆಯ ಹೋಟೆಲಲ್ಲಿ
ದಿನವಿಡೀ ನಿಂತು ದೋಸೆ ಹೊಯ್ಯುವ ಮನುಷ್ಯ.
ಮೊದಲು ನಿಂಬೆಯಷ್ಟು, ಆಮೇಲೆ ಮೂಸಂಬಿಯಷ್ಟು
(ಅಡುಗೆಯವರ ಅಳತೆ ತಪ್ಪುವುದಿಲ್ಲ),
ಹೆಂಡತಿಗೂ ಹೇಳದೆ, ಏಪ್ರನ್ನು ಸಡಿಲ ಕಟ್ಟಿ,
ಉಪ್ಪಿನ ಶಾಖ ಕೊಟ್ಟುಕೊಂಡು.

ಹಠಾತ್ತನೆ ನೋವು? ಜ್ವರ? ಪೆಟ್ಟು?
'ನೋವಿಲ್ಲೆ ಅಕ್ಕ. ಭಾರ ಅಷ್ಟೆ.
ಮೆಟ್ಟಿಲು ಇಳಿಯುವಾಗ
ಇನ್ನೊಬ್ಬ ಜೊತೆಗೆ ಇಳಿದ ಹಾಗೆ.'
ನನಗೆ ನೋವಿಲ್ಲ, ಅಂದೆ ನಾನು.
ನನ್ನ ಜೊತೆಗೆ ಇನ್ನೊಬ್ಬ ಇಳಿದ ಹಾಗೆ.

ಡಾಕ್ಟರ್ ಲ್ಯಾಂಗ್‌ಲಿ ಇನ್ನೂ ಹುಡುಗಿ.
ಕೋಣೆಯ ದೀಪ ಆರಿಸಿ ಟಾರ್ಚು ಹಚ್ಚಿದಳು.
ಹಿಂದಿನಿಂದ ಹಿಡಿಯುತ್ತೇನೆ,
ಗಟ್ಟಿಯಿದ್ದರೆ ಕತ್ತಲೆ, ನೀರಿದ್ದರೆ ಬೆಳಗುತ್ತದೆ
ಎಂದಳು. ಕನ್ನಡ ಮಾಡಿದೆ.
ಗೋಡೆಯ ಕಡೆಗೇ ನೋಡುತ್ತಿದ್ದೆ,
ಕೈ ಸುಮ್ಮನೆ ಮಡಿಲಿಗೆ ಬಂದಿತ್ತು.

'ಅಯ್ಯಬ್ಬ' ಅಂದರು.
ಅದಕ್ಕೆ ಇಂಗ್ಲಿಷ್ ಸಿಗಲಿಲ್ಲ.
'ಕೆಂಪು ಅಕ್ಕ. ಗಂಜಿ ಒಲೆಯ ಕೆಂಡ ಊದಿದ ಹಾಗೆ.'

ಹೆಚ್ಚಿನಂಶ ನೀರು. ಆದರೂ ಸ್ಕ್ಯಾನ್ ಆಗಲಿ,
ನೀರಿನ ಹಿಂದೆ ಏನಿದೆಯೋ ಟಾರ್ಚಿಗೆ ಕಾಣದು.
ಅಷ್ಟರೊಳಗೆ ಥಟ್ಟನೆ ನೋವು ಬಂದರೆ
ನಡುರಾತ್ರಿಯಾದರೂ ಬನ್ನಿ, ನಾಚಬೇಡಿ.

'ಎರಡು ವರ್ಷ ಬರೀ ನೀರಿಗೆ ಹೆದರಿದೆನಾ?'
ಎರಡು ವರ್ಷ ಬರೀ ನೀರಿಗೆ ಹೆದರಿದೆನಾ? ಅಂದೆ.
ಡಾಕ್ಟರು ಮರೆತು ನನ್ನ ಭುಜ ಮುಟ್ಟಿದಳು.

ಎರಡನೆಯ ನಿಯಮ: ಹೊರಗೆ ಸಿಕ್ಕರೆ
ಗುರುತಿಲ್ಲದವರಂತೆ ಇರಬೇಕು.
ಬಸ್ ಸ್ಟಾಪಿನಲ್ಲಿ ಅವರು
ಓದಲು ಬಾರದ ವೇಳಾಪಟ್ಟಿಯನ್ನು
ಬಹಳ ಹೊತ್ತು ಓದಿದರು.
ಬಸ್ಸು ಬಂತು. ಹತ್ತಿದೆ.
ಅವರು ಹತ್ತಲಿಲ್ಲ.