ಆರನೇ ಜೇಬು

ಜೀನ್ಸಿಗೆ ಐದು ಜೇಬು. ಕೌಲ್ ಬಜಾರಿನಲ್ಲಿ
ಹುಟ್ಟಿದ ಕೂಸಿಗೂ ಗೊತ್ತು ಈ ಲೆಕ್ಕ:
ಮುಂದೆರಡು, ಹಿಂದೆರಡು,
ಬೆರಳೂ ಸರಿಯಾಗಿ ಹೋಗದ ಪುಟ್ಟದೊಂದು.
ಆರನೆಯದು ಬಂದದ್ದು ಬಿಸಿಲು ಏರುವ ಹೊತ್ತಿಗೆ,
ಹಸಿರೂ ಅಲ್ಲದ, ಮಣ್ಣೂ ಅಲ್ಲದ ಬಣ್ಣದ ಥಾನಿನ ಜೊತೆ.
ತೊಡೆಯ ಮೇಲೆ, ಮುಚ್ಚಳವಿಟ್ಟು, ಒಂಬತ್ತಿಂಚು ಆಳ.
ನಾಲ್ಕು ಮೂಲೆಗೂ ನನ್ನ ಬಾರ್‌ಟ್ಯಾಕ್,
ಒಂದೊಂದಕ್ಕೆ ನಲವತ್ತೆರಡು ಹೊಲಿಗೆ.

ಲೇಬಲ್ ಹಚ್ಚಬೇಡಿ ಅಂದಿದ್ದರು.

ಇಷ್ಟು ದೊಡ್ಡ ಜೇಬಿನಾಗ ಏನಿಡ್ತಾರೆ?
'ರೊಟ್ಟಿ' ಅಂದಳು ಹುಲಿಗೆಮ್ಮ.
'ಗುಂಡು' ಅಂದ ಕಟಿಂಗ್ ಮಾಸ್ತರ ಮೌಲಾಲಿ,
ಕತ್ತರಿ ನಿಲ್ಲಿಸದೆ.

ಅಲ್ಲಿಂದ ಶುರು. ಸಂಜೆ ನಾಲ್ಕಕ್ಕೆ
ಮಿರ್ಚಿ ಬಂಡಿಯ ಸುತ್ತ ಒಂದು ಪಾರ್ಲಿಮೆಂಟು.
ನಾಲಿಗೆಗೆ ಹತ್ತದ ಆ ದೇಶದ ಊರುಗಳನ್ನು
ಕಂಪ್ಲಿ, ಕುರುಗೋಡು ಅಂದಷ್ಟು ಸಲೀಸಾಗಿ
ಅನ್ನತೊಡಗಿದ ಎರ್ರಿಸ್ವಾಮಿ.
– ಹೊಡೆಸ್ಕೊಂಡೋನಿಗೆ ಬಡಿಗೆ ಕೊಡೋದು ಧರ್ಮ.
– ಬಡಿಗೆ ಕೊಟ್ರೆ ಜಗಳ ನಿಲ್ತದೇನಲೇ? ಬಡಿಗೆ ಮಾರೋನಿಗೆ ಸುಗ್ಗಿ.
– ನಾವೇನು ಬಡಿಗೆ ಕೊಟ್ವಾ? ಚೊಣ್ಣ ಕೊಟ್ವಿ.
– ಯಾರಿಗೆ ಕೊಟ್ವಿ, ಅದನ್ನಾರ ಹೇಳು.
ಅದನ್ನು ಯಾರೂ ಹೇಳಲಿಲ್ಲ.
ಸೇಠನಿಗೆ ಗೊತ್ತಿಲ್ಲ, ಸೇಠನಿಗೆ ಆರ್ಡರು ಕೊಟ್ಟ ಮುಂಬಯಿಯವನಿಗೆ ಗೊತ್ತಿಲ್ಲ,
ಅವನಿಗೆ ಕೊಟ್ಟವನು ಹಡಗಿನ ಹೆಸರಷ್ಟೇ ಬಲ್ಲ.
ಗೊತ್ತಿಲ್ಲ ಎಂಬುದು ಥಾನಿನಂತೆ
ಬಿಚ್ಚುತ್ತಾ ಬಿಚ್ಚುತ್ತಾ ಹೋಯಿತು.

ಒಂದು ದಿನ ಫೋನಿನಲ್ಲಿ
ಗುಡ್ಡ ಸಿಡಿದು ಕೆಂಪು ಮೋಡ ಎದ್ದಿತು.
ಹಿಂದೆ ಯಾರೋ ಹೆಂಗಸಿನ ಅಳು.
ಬಂಡಿಯ ಸುತ್ತ ಎಲ್ಲರೂ ಚ್ಚು ಚ್ಚು.
'ತಿರುಗಿ ಹಾಕು' ಅಂದ ಸುಂಕಣ್ಣ,
ಗಣಿಯಲ್ಲಿ ಹನ್ನೊಂದು ವರ್ಷ ಮದ್ದು ತುಂಬಿ
ಎಡಗಿವಿ ಅಲ್ಲೇ ಬಿಟ್ಟು ಬಂದವನು.
ಮೂರು ಸಲ ನೋಡಿದ.
'ಈ ಧೂಳು ನಂದು.
ನನ್ನ ಅಂಗಿಯೊಳಗೆ ಹೊಕ್ಕಿದ್ದು ನನಗೆ ಗೊತ್ತಾಗಲ್ಲೇನು?
ಇದು ಸಂಡೂರು. ಆ ಮೂಲ್ಯಾಗ ನೋಡು ನೀರಿನ ಟ್ಯಾಂಕರು,
ಕೆಎ ಮೂವತ್ತೈದು.'
ಅಳು ಮಾತ್ರ ಎಲ್ಲಿಯದೋ.

ನಕ್ಕೆವು. ಹೊಟ್ಟೆ ಹಿಡಿದು ನಕ್ಕೆವು.
ನಗು ಮುಗಿದ ಮೇಲೆ ನಂಬಿಕೆಯೂ ಮುಗಿದಿತ್ತು.
ಮರುದಿನ ಉರಿಯುವ ಆಸ್ಪತ್ರೆ ಬಂತು:
'ತೋರಣಗಲ್ಲಿನ ಫ್ಯಾಕ್ಟರಿ ಇರಬೇಕು.'
ಸಾಲಾಗಿ ಮಲಗಿಸಿದ ಮಕ್ಕಳು ಬಂದರು:
'ಸಿನಿಮಾ, ಬಿಡು.'
ಅನುಮಾನ ಮಿರ್ಚಿಗಿಂತ ಅಗ್ಗವಾಯಿತು,
ಎಲ್ಲಾ ಸುಳ್ಳೆಂದು ಎರ್ರಿಸ್ವಾಮಿ
ನಿರಾಳವಾಗಿ ಚಾ ಕುಡಿದ.
'ಒಂದು ಸುಳ್ಳು ಹಿಡಿದೆ ನಾನು.
ಎಲ್ಲಾ ಸುಳ್ಳು ಅಂತ ಎಲ್ಲಂದೆ?'
ಅಂದು ಸುಂಕಣ್ಣ
ಕೇಳದ ಕಿವಿ ನಮ್ಮ ಕಡೆ ಮಾಡಿ ಕೂತ.

ಇದು ಛಳಿಗಾಲದ್ದು.
ಹಿಮದ ಮೇಲೆ ಅಂಗಾತ ಒಬ್ಬ.
ಮುಖ ಮಸುಕು ಮಾಡಿದ್ದರು.
ನಮ್ಮವನು, ಅವರು ಕೊಂದರು, ಎಂದು
ಎರಡೂ ಕಡೆಯವರು ಬರೆದಿದ್ದರಂತೆ.
ನಾನು ಎರಡು ಬೆರಳಿಟ್ಟು ತೊಡೆಯನ್ನು ಹಿಗ್ಗಿಸಿದೆ.
ಮುಚ್ಚಳ ತೆರೆದಿತ್ತು.
ಎಡ ಮೇಲ್ಮೂಲೆಯ ಬಾರ್‌ಟ್ಯಾಕ್ ಒಂದೆಳೆ ವಾರೆ.

ಮೆಕ್ಯಾನಿಕ್ ಮೊಹರಮ್ಮಿಗೆ ಊರಿಗೆ ಹೋದಾಗ
ಹತ್ತು ದಿನ ವಾರೆ ಹೊಲಿದಿತ್ತು ನನ್ನ ಮೆಷಿನ್ನು.
ಸೂಪರ್‌ವೈಸರ್ ನೋಡಿ, 'ಇರಲಿ, ಯಾರು ನೋಡ್ತಾರೆ' ಅಂದಿದ್ದ.

ವಾರೆ ಹೊಲಿಯುವ ಮೆಷಿನ್ನು ಲೋಕದಲ್ಲಿ ಎಷ್ಟಿಲ್ಲ!
ಹಾಗಂತ ನನಗೆ ನಾನೇ ಹೇಳಿಕೊಂಡೆ.
ಹೊಲಿಗೆ ಎಣಿಸೋಣವೆಂದು ಇನ್ನೂ ಹಿಗ್ಗಿಸಿದೆ,
ಚಿತ್ರ ಒಡೆದು ಚೌಕ ಚೌಕವಾಯಿತು,
ಹಸಿರೂ ಅಲ್ಲದ, ಮಣ್ಣೂ ಅಲ್ಲದ.

ನಾಲ್ಕಕ್ಕೆ ಬಂಡಿಯ ಹತ್ತಿರ ಅದೇ ವಾದ:
ಕೊಡಬೇಕೋ, ಬೇಡವೋ. ನಿಜವೋ, ನಾಟಕವೋ.
ಮಂಡಕ್ಕಿ ಪೊಟ್ಟಣ ನನ್ನ ಕಡೆ ಚಾಚಿ
ಮೌಲಾಲಿ ಕೇಳಿದ: 'ನೀ ಏನಂತಿ, ಅಂಪಮ್ಮ?'

'ಜೇಬಿನಾಗ ಏನಿತ್ತೋ ಕಾಣಲಿಲ್ಲ' ಅಂದೆ.

ಯಾರಿಗೂ ಏನೂ ತಿಳಿಯಲಿಲ್ಲ. ವಾದ ಮುಂದುವರಿಯಿತು.
ಸುಂಕಣ್ಣ ಮಾತ್ರ
ಕೇಳುವ ಕಿವಿಯನ್ನು ನನ್ನ ಕಡೆ ಹೊರಳಿಸಿ
'ತಿರುಗಿ ಹೇಳು' ಅಂದ.